ರಟ್ಟಿಲ್ಲದ ಪುಸ್ತಕ

ನನ್ನ ಮೊಮ್ಮಗಳು ಮೇಘ ವಿಯೆಟ್ನಾಮಿಗೆ ಹೊರಟಿದ್ದಾಳೆ, ಒಬ್ಬಳೇ! ಇವತ್ತು ಬೆಳಿಗ್ಗೆ ಟಿಕೆಟ್ಟು ಆಯಿತು. ಇದು ಅರ್ಧ ಸಂತೋಷ. ಇನ್ನರ್ಧ ಕೇಳಿ. ದಾರಿ ತೋರಿಸುವ ಪುಸ್ತಕ ಯಾವುದು ಕೊಳ್ಳಬೇಕು ಅಂತ ಅವಳು ಅವರಪ್ಪನನ್ನು ಕೇಳಲಿಲ್ಲ, ಆಫೀಸಿನ ಸ್ನೇಹಿತರನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನ್ನನ್ನು! ಜಯನಗರದ ಪುಸ್ತಕದಂಗಡಿಯಲ್ಲಿ ಎರಡು ಕೈಯಲ್ಲಿ ಎರಡು ಪುಸ್ತಕ ಹಿಡಿದುಕೊಂಡು "ಅಜ್ಜಿ, ಯಾವ್ದು?" ಅಂದಳು. ನಾನು ಎರಡನ್ನೂ ಅಂಗೈಯಲ್ಲಿ ಇಟ್ಟು ತೂಗಿದೆ. ಆಮೇಲೆ ಅಂದೆ:

"ಒಂಟಿ ಹೆಂಗಸು ಕತ್ತಲಾದ್ಮೇಲೆ ಬಸ್ಸಿಳಿದ್ರೆ ಎಲ್ಲಿಗೆ ಹೋಗ್ಬೇಕು ಅಂತ ಯಾವುದ್ರಲ್ಲಿ ಬರ್ದಿದೆ? ಹುಡುಕು."

ಚೆಂದದ ಚಿತ್ರಗಳಿದ್ದ ಪುಸ್ತಕದಲ್ಲಿ ಆ ಮಾತೇ ಇರಲಿಲ್ಲ. ಇನ್ನೊಂದರಲ್ಲಿ ಅರ್ಧ ಪುಟ ಇತ್ತು. ಅದನ್ನೇ ತಂದೆವು. ಬಿಲ್ಲು ಹಾಕುವ ಹುಡುಗಿ "ಆಂಟಿ ನೀವೂ ಹೋಗ್ತಿದ್ದೀರಾ?" ಅಂತ ನಕ್ಕಳು. ಅವಳಿಗೇನು ಗೊತ್ತು, ನಾನು ಹತ್ತು ವರ್ಷದವಳಿದ್ದಾಗಲೇ ಇಂಥದೊಂದು ಪುಸ್ತಕವನ್ನು ಕೈಯಾರೆ ಹಾಳು ಮಾಡಿ, ಒಂದು ಇಡೀ ಭಾನುವಾರ ಅದರ ಹಿಂದೆ ಓಡಾಡಿದವಳು ಅಂತ. ಆ ಭಾನುವಾರದ ವಿಷಯವನ್ನೇ ಇಲ್ಲಿ ಬರೆಯುತ್ತೇನೆ.

ಜಯನಗರದಿಂದ ಬನಶಂಕರಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ತಾತನ ರದ್ದಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮುಂದೆ ತಕ್ಕಡಿ, ಅದರ ಹಿಂದೆ ಪೇಪರಿನ ಗುಡ್ಡಗಳು, ಗುಡ್ಡಗಳ ನಡುವೆ ಒಬ್ಬರು ಅಡ್ಡ ತಿರುಗಿ ನುಸುಳುವಷ್ಟು ಸಂದಿ, ಸಂದಿ ಮುಗಿದರೆ ನಡುಮನೆ. ಮೇಲೆ ಶೀಟು. ಬೇಸಿಗೆಯಲ್ಲಿ ಶೀಟು ಕಾದರೆ ಹಳೇ ಪೇಪರಿನ ವಾಸನೆ ಅನ್ನದ ಮೇಲೂ ಬಂದು ಕೂರುತ್ತಿತ್ತು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕಕ್ಕೆ ಒಂದು ಮರದ ಚಿತ್ರ. ರದ್ದಿಯಲ್ಲಿ ಬಂದ ಕ್ಯಾಲೆಂಡರಿನಿಂದ ನಮ್ಮಜ್ಜಿ ಕತ್ತರಿಸಿ ಅಂಟಿಸಿದ್ದು. ಸಿಲೋನಿನ ಅನುರಾಧಪುರದಲ್ಲಿರುವ ಬೋಧಿ ಮರ ಅದು. ಅಜ್ಜಿ ಬದುಕಿರುವ ತನಕ ಸಂಜೆಯಾದರೆ ಅದರ ಮುಂದೆ ದೀಪ. "ಒಂದೇ ಒಂದು ಸಲ ಕಣ್ಣಾರೆ ನೋಡ್ಬೇಕು" ಅನ್ನುತ್ತ ಅನ್ನುತ್ತಲೇ ಹೋಗಿಬಿಟ್ಟರು. ಆ ಮಾತನ್ನು ಬಿಡದೆ ಹಿಡಿದುಕೊಂಡವಳು ಶಾಂತತ್ತೆ, ನನ್ನ ಅಪ್ಪನ ತಂಗಿ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ಅವಳೊಬ್ಬಳೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಮದರಾಸಿನ ಎಕ್ಸ್‌ಚೇಂಜಿನವರ ಮೂಲಕ ಕೊಲಂಬೋಗೆ ಟ್ರಂಕ್ ಕಾಲು ಜೋಡಿಸಿಕೊಟ್ಟ ದಿನ ಮನೆಗೆ ಬಂದು, "ನಾಗಿ, ಇವತ್ತು ಸಿಲೋನಿನ ಮಳೆ ಸದ್ದು ಕೇಳ್ದೆ ಕಣೇ" ಅನ್ನುತ್ತಿದ್ದಳು. ಅದು ತಂತಿಯ ಗೊರಗೊರ ಇದ್ದಿರಬೇಕು. ನಾನು ನಂಬಿದ್ದೆ.

ನನ್ನ ತಮ್ಮ ಹುಟ್ಟಿದ ವರ್ಷ ನನ್ನನ್ನು ಸ್ಕೂಲು ಬಿಡಿಸಿದರು. ಅಂಗಡಿಯಲ್ಲಿ ಬಂದ ಮಾಲನ್ನು ವಿಂಗಡಿಸುವುದು ನನ್ನ ಕೆಲಸವಾಯಿತು. ತಾತ ಹೇಳಿಕೊಟ್ಟ ನಿಯಮ ಸುಲಭ. ರಟ್ಟು ಇರುವ ಪುಸ್ತಕ ಗೂಡಿಗೆ, ಹಳೇ ಪುಸ್ತಕ ಮಾರುವವರು ಬಂದು ಒಯ್ಯುತ್ತಾರೆ. ರಟ್ಟು ಕಿತ್ತುಹೋದ ಪುಸ್ತಕ ಕವರಿನ ರಾಶಿಗೆ. ಅದನ್ನು ಹಾಳೆ ಹಾಳೆ ಬಿಡಿಸಿ, ಮೈದಾ ಗೋಂದು ಹಚ್ಚಿ, ಕಡಲೆಕಾಯಿ ಕವರು, ಬೇಳೆ ಕವರು ಮಾಡಬೇಕು. ಗೋಂದಿಗೆ ಹುಳ ಬೀಳದ ಹಾಗೆ ಅವ್ವ ಚೂರು ಮೈಲುತುತ್ತ ಹಾಕಿ ಕುದಿಸುತ್ತಿದ್ದಳು. ನನ್ನ ಉಗುರಿನ ಸಂದಿ ಯಾವಾಗಲೂ ತಿಳಿ ನೀಲಿ. ಪುಸ್ತಕದಲ್ಲಿ ಏನಿದೆ ಅಂತ ನೋಡುವಂತಿರಲಿಲ್ಲ. ನೋಡುತ್ತ ಕೂತರೆ ಕವರು ಆಗುವುದಿಲ್ಲ.

ಶಾಂತತ್ತೆ ಪಾಸ್‌ಪೋರ್ಟ್ ಮಾಡಿಸಿದಳು, ರಜೆ ಮಂಜೂರು ಮಾಡಿಸಿದಳು, ಆಮೇಲೆ ಸಿಲೋನಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿದಳು. ಅಪ್ಪ ತಟ್ಟೆ ತಳ್ಳಿ ಎದ್ದರು.

"ಕನಕಪುರದ ಕಡೆಯಿಂದ ಸಂಬಂಧ ಬಂದೈತೆ, ಇವಳು ನೋಡಿದ್ರೆ ಸಮುದ್ರ ದಾಟ್ತಾಳಂತೆ! ಒಬ್ಬಳೇ ಹೋಗಿ ಬಂದೋಳ್ನ ನಾಳೆ ಯಾರು ಮಾಡ್ಕೊತಾರೆ?"

"ಮಾಡ್ಕೊಳ್ಳೋನು ಮಾಡ್ಕೊತಾನೆ ಅಣ್ಣ. ನಮ್ಮವ್ವ ಆ ಮರ ನೋಡ್ದೇ ಹೋದ್ಲು. ನಾನೂ ಹಂಗೇ ಹೋಗ್ಲಾ?"

ತಾತ ತಕ್ಕಡಿ ಹಿಡಿದವರ ಗಂಟಲಲ್ಲಿ ಕೇಳಿದರು:

"ಸಮುದ್ರದ ಆಚೆ ಎಷ್ಟು ರಾತ್ರಿ ಇರ್ತೀಯಮ್ಮಿ?"

"ಏಳು."

"ಏಳು ರಾತ್ರೀನೂ ಎಲ್ಲಿ ಮಲಗ್ತೀಯ ಅಂತ ಪುಸ್ತಕದಲ್ಲಿ ತೋರ್ಸು. ಬಾಯಿ ಮಾತು ಬೇಡ, ಅಚ್ಚಾಗಿರೋದು ಬೇಕು. ಒಂದು ರಾತ್ರಿ ತಪ್ಪಿದ್ರೂ ಹೋಗಂಗಿಲ್ಲ."

ನಮ್ಮ ತಾತನಿಗೆ ಓದು ಬರುತ್ತಿರಲಿಲ್ಲ. ಆದರೆ ಜೀವನವಿಡೀ ಅಚ್ಚಾದ ಕಾಗದ ತೂಗಿದವರು. ಅಚ್ಚಾದದ್ದಕ್ಕೆ ತೂಕ ಇದೆ ಅಂತ ಅವರ ನಂಬಿಕೆ. ಅವತ್ತಿನಿಂದ ಅತ್ತೆ ಪುಸ್ತಕ ಹುಡುಕತೊಡಗಿದಳು. ಪೇಟೆಯ ಅಂಗಡಿಗಳಲ್ಲಿ ಸಿಲೋನಿನ ಬಗ್ಗೆ ಏನೂ ಸಿಗಲಿಲ್ಲ, ಬೊಂಬಾಯಿಂದ ತರಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದರು. ಕೊನೆಗೆ ನಮ್ಮ ತಕ್ಕಡಿಗೇ ಬಂದವು, ಎರಡು. ಒಂದು ಮೂರನೇ ಬ್ಲಾಕಿನ ದೊಡ್ಡ ಆಫೀಸರೊಬ್ಬರ ಮನೆಯಿಂದ. ದಪ್ಪ ಪುಸ್ತಕ, ಹೊಳೆಯುವ ಹಾಳೆ, ಬಣ್ಣದ ಚಿತ್ರ. ಇನ್ನೊಂದು, ಯಾವಳೋ ಫಾರಿನ್ ಹುಡುಗಿ ಬಾಡಿಗೆ ರೂಮು ಖಾಲಿ ಮಾಡುವಾಗ ಬಿಟ್ಟುಹೋದ ಸಾಮಾನಿನ ಜೊತೆ ಬಂದದ್ದು. ತೆಳ್ಳಗೆ, ಹಳದಿ ರಟ್ಟು, ಒಳಗೆ ಪೆನ್ಸಿಲಿನಲ್ಲಿ ಗೀಚಾಟ. ಅತ್ತೆ ತೆಳ್ಳಗಿನದು ಸಾಕು ಅಂದಳು. ತಾತ ಎರಡನ್ನೂ ತಕ್ಕಡಿಗೆ ಹಾಕಿದರು.

"ಒಂದು ಕೇಜಿ ಬುದ್ಧಿ ಬಿಟ್ಟು ಕಾಲು ಕೇಜಿ ಬುದ್ಧಿ ಕಟ್ಕೊಂಡು ಹೋಗ್ತೀಯಾ?"

ಅತ್ತೆ ಎರಡನ್ನೂ ಬಿಡಿಸಿ ನೆಲಕ್ಕಿಟ್ಟಳು. "ಅಪ್ಪಾ, ದಪ್ಪದ್ದು ಏನು ಹೇಳುತ್ತೆ ಗೊತ್ತಾ? ಹಡಗು ಇಳಿದ ತಕ್ಷಣ ಟ್ಯಾಕ್ಸಿ ಕರೀರಿ ಅನ್ನುತ್ತೆ. ಈ ತೆಳ್ಳಂದು, ಮೂರನೇ ಕ್ಲಾಸಿನ ರೈಲು ಯಾವ ಕಡೆ ನಿಂತಿರುತ್ತೆ, ಹೆಂಗಸರ ಡಬ್ಬಿ ಎಲ್ಲಿ, ನೀರು ಎಲ್ಲಿ ಕುಡೀಬಾರ್ದು, ಎಲ್ಲಾ ಹೇಳುತ್ತೆ. ಆ ದಪ್ಪ ಪುಸ್ತಕ ನನ್ನಂಥೋರ್ನ ಕಂಡೇ ಇಲ್ಲ. ಇದು ಕಂಡಿದೆ."

ತಾತ ತೆಳ್ಳಗಿನದನ್ನು ಎತ್ತಿಕೊಟ್ಟರು. "ಭಾನುವಾರ ಸಂಜೆ ಊಟಕ್ಕೆ ಮುಂಚೆ ಓದಿ ಹೇಳು. ಎಲ್ಲರೂ ಕೇಳ್ಲಿ" ಅಂದರು. ಎಲ್ಲರೂ ಅಂದರೆ ಅಪ್ಪ.

ಈಗ ತಪ್ಪಿಗೆ ಬರುತ್ತೇನೆ. ಶಾಂತತ್ತೆ ಪ್ರಯಾಣಕ್ಕೆ ಅಂತ ಒಂದು ಬಟ್ಟೆಯ ಚೀಲ ಹೊಲಿದುಕೊಂಡಿದ್ದಳು, ಸೊಂಟಕ್ಕೆ ಸೀರೆಯ ಒಳಗೆ ಕಟ್ಟಿಕೊಳ್ಳಲು. ಪುಸ್ತಕ ಅದರಲ್ಲಿ ಬಗ್ಗುತ್ತಿರಲಿಲ್ಲ. ಶನಿವಾರ ಸಂಜೆ ಅವಳು ಬ್ಲೇಡು ತೆಗೆದುಕೊಂಡು ಹಳದಿ ರಟ್ಟನ್ನು ನೀಟಾಗಿ ಕೊಯ್ದು ತೆಗೆದಿದ್ದಳು. ನನಗೆ ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ಓದಿ, ಪುಸ್ತಕವನ್ನು ಸಂದಿಯ ಪಕ್ಕದ ಮರದ ಪೆಟ್ಟಿಗೆಯ ಮೇಲಿಟ್ಟು ರೇಷನ್ ಸೀಮೆಎಣ್ಣೆಗೆ ಕ್ಯೂ ನಿಲ್ಲಲು ಹೋದಳು. ಅವ್ವ ಗೋಂದು ಇಳಿಸಿಕೊಟ್ಟು, "ಹಗುರ ಹಾಳೆ ಇದ್ರೆ ಕಡಲೆಕಾಯಿ ಕವರು ಮಾಡು, ಮುನಿಯಮ್ಮ ಕೇಳವ್ಳೆ" ಅಂದಳು. ನಾನು ತಿರುಗಿ ನೋಡಿದೆ. ರಟ್ಟಿಲ್ಲದ ಒಂದು ಪುಸ್ತಕ.

ನನ್ನ ಕೈ ಬಹಳ ಚುರುಕು. ಅದೇ ಅವತ್ತಿನ ಶಾಪ. ಹಾಳೆ ಕಿತ್ತೆ, ಮಡಿಸಿದೆ, ಗೋಂದು ಎಳೆದೆ, ಬಿಸಿಲಿಗೆ ಹಾಕಿದೆ. ಮಧ್ಯದಲ್ಲಿ ಒಂದು ಹಾಳೆಯಲ್ಲಿ ದಾರಿಯ ನಕ್ಷೆ ಇತ್ತು, ಒಂದು ಮರದ ಗುರುತು, ಅದರ ಹತ್ತಿರ ಪೆನ್ಸಿಲಿನಲ್ಲಿ ಬರೆದ ಪುಟ್ಟ ಮನೆ, ಮನೆಗೆ ಎರಡು ಕಿಟಕಿ. ಚೆನ್ನಾಗಿದೆಯಲ್ಲ ಅಂತ ಒಂದು ಗಳಿಗೆ ಜಾಸ್ತಿ ನೋಡಿದೆ. ಆಗಲೂ ಹೊಳೆಯಲಿಲ್ಲ. ಒಣಗಿದ್ದನ್ನು ಅವ್ವ ಕಂತೆ ಕಟ್ಟಿ, ಒಂದು ಕಂತೆ ಶೆಟ್ಟರ ಅಂಗಡಿಗೆ, ಒಂದು ಕಂತೆ ಬಸ್‌ಸ್ಟಾಪಿನ ಕಡಲೆಕಾಯಿ ಮುನಿಯಮ್ಮನಿಗೆ ಕೊಟ್ಟು ಬಂದಳು. ಆಮೇಲೆ ಗುಡಿಸುವಾಗ ಪೆಟ್ಟಿಗೆಯ ಸಂದಿಯಲ್ಲಿ ಹಳದಿ ರಟ್ಟು ಕಂಡಿತು.

ನಾನು ಕಿತ್ತದ್ದು ಅತ್ತೆಯ ಪುಸ್ತಕ! ರಟ್ಟನ್ನು ಲಂಗದೊಳಗೆ ತುರುಕಿಕೊಂಡೆ. ಅಷ್ಟರಲ್ಲಿ ಅತ್ತೆ ಬಂದಳು.

"ನಾಗಿ, ಇಲ್ಲಿಟ್ಟಿದ್ದ ಪುಸ್ತಕ ನೋಡಿದ್ಯಾ?"

"ಇಲ್ಲ ಅತ್ತೆ."

ಜೀವನದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅಷ್ಟು ಚಿಕ್ಕದೂ ಅಷ್ಟು ಭಾರದ್ದೂ ಇನ್ನೊಂದಿಲ್ಲ. ಅವಳು ಚಾಪೆ ಎತ್ತಿದಳು, ಹಾಸಿಗೆ ಕೊಡವಿದಳು, ಪೇಪರಿನ ಗುಡ್ಡಗಳನ್ನು ಕೆಡವಿದಳು. ಅಪ್ಪ ಗಡ್ಡ ಕೆರೆದುಕೊಳ್ಳುತ್ತ ಕನ್ನಡಿಯಲ್ಲೇ ನೋಡುತ್ತ, "ಬುದ್ಧನಿಗೂ ಬೇಡವಾಗೈತೆ ಬಿಡು" ಅಂದರು. ಅತ್ತೆ ಅಳಲಿಲ್ಲ. ಕೆದರಿದ ಪೇಪರಿನ ನಡುವೆ ನಿಂತು ಗೋಡೆಯ ಮೇಲಿನ ಮರವನ್ನು ನೋಡಿದಳು. ಅದನ್ನು ನನಗೆ ತಡೆಯಲಾಗಲಿಲ್ಲ. ಬಚ್ಚಲಿನ ಹಿಂದಕ್ಕೆ ಅವಳ ಸೆರಗು ಹಿಡಿದು ಎಳೆದುಕೊಂಡು ಹೋಗಿ ರಟ್ಟನ್ನು ತೆಗೆದು ತೋರಿಸಿದೆ. ಉಗುರಿನ ನೀಲಿ ನೋಡಿ ಅವಳಿಗೇ ಅರ್ಥವಾಯಿತು. ಕೈ ಎತ್ತಿದಳು. ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ.

"ಎಲ್ಲಿಗೆ ಹೋಯ್ತು, ಅದನ್ನ ಹೇಳು ಮೊದ್ಲು."

ಓಡಿದೆವು. ಶೆಟ್ಟರು ಒಳ್ಳೆಯವರು. ಹೊಸ ಕವರು ಕೊಡುತ್ತೇವೆ ಅಂದಮೇಲೆ ಕಂತೆ ಬಿಚ್ಚಿಕೊಟ್ಟರು, ಬೇಳೆ ತುಂಬಿಟ್ಟಿದ್ದ ನಾಲ್ಕನ್ನೂ ಬೇರೆಯದಕ್ಕೆ ಸುರಿದು ಕೊಟ್ಟರು. "ಏನಮ್ಮಾ, ಕವರಲ್ಲಿ ನಿಧಿ ಇಟ್ಟಿದ್ರಾ?" ಅಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ ಪುಟದ ನಂಬರು ಜೋಡಿಸಿದಳು. ಕೊಲಂಬೋ ಇತ್ತು, ಕ್ಯಾಂಡಿ ಇತ್ತು. ಅನುರಾಧಪುರ ಇರಲಿಲ್ಲ. ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಮುನಿಯಮ್ಮನ ಮಂಕರಿ ಬುಟ್ಟಿಯಲ್ಲಿದ್ದ ಕವರನ್ನೆಲ್ಲ ಅತ್ತೆ ಬಗ್ಗಿ ನೋಡಿದಳು. ಅನುರಾಧಪುರದ್ದು ಅಲ್ಲೂ ಇಲ್ಲ. ಮಾರಿದ್ದು ಒಂದೇ ಕವರು.

"ಅಗೋ ಆ ಯಜಮಾನರಿಗೆ ಕೊಟ್ಟೆ, ಈಗತಾನೆ" ಅಂದಳು ಮುನಿಯಮ್ಮ.

ಕೋಟು ಹಾಕಿಕೊಂಡ ಒಬ್ಬರು ವಯಸ್ಸಾದವರು ಕಂಬಕ್ಕೆ ಒರಗಿ ನಿಂತು ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದರು. ಎಷ್ಟು ನಿಧಾನ ಅಂತೀರಿ! ಒಂದು ಕಾಯಿ ತೆಗೆಯುವುದು, ನೀರು ಕೊಡವುವುದು, ಸುಲಿಯುವುದು, ಬೀಜ ಊದುವುದು, ಬಾಯಿಗಿಡುವುದು, ದೂರದವರೆಗೂ ರಸ್ತೆ ನೋಡುವುದು. ಕವರಿನ ಮೇಲೆ ನನಗೆ ಪೆನ್ಸಿಲಿನ ಮನೆಯ ಒಂದು ಕಿಟಕಿ ಕಾಣುತ್ತಿತ್ತು. ಹೋಗಿ ಕೇಳು ಅಂದರೆ ಅತ್ತೆಗೆ ನಾಚಿಕೆ. ದಿನಾ ಸಾವಿರ ಜನರ ಜೊತೆ ತಂತಿಯಲ್ಲಿ ಮಾತಾಡುವವಳಿಗೆ ಎದುರಿಗೆ ನಿಂತವರ ಜೊತೆ ಮಾತು ಬಾರದು. "ತಿಂದು ಬಿಸಾಡ್ಲಿ, ಎತ್ಕೊಳ್ಳೋಣ" ಅಂತ ಪಿಸುಗುಟ್ಟಿದಳು. ಅವರು ನನ್ನನ್ನು ನೋಡಿ, ಹುಡುಗಿಗೆ ಆಸೆ ಅಂದುಕೊಂಡು, "ತಗೋ ಮರಿ" ಅಂತ ನಾಲ್ಕು ಕಾಯಿ ಕೊಟ್ಟರು. ಅಷ್ಟರಲ್ಲಿ ಬಸ್ಸು ಬಂತು. ಅವರು ಕವರನ್ನು ಕೋಟಿನ ಜೇಬಿಗಿಟ್ಟುಕೊಂಡು ಹತ್ತಿಬಿಟ್ಟರು! ಕಂಡಕ್ಟರು ಸೀಟಿ ಊದಿದ. ಆಗ ನಮ್ಮ ಶಾಂತತ್ತೆ ಫುಟ್‌ಬೋರ್ಡಿನ ಕಂಬಿ ಹಿಡಿದು ಬಸ್ಸಿನ ಜೊತೆಗೇ ಓಡುತ್ತ ಎಕ್ಸ್‌ಚೇಂಜಿನ ಗಂಟಲಲ್ಲಿ ಕೂಗಿದಳು:

"ಸಾರ್! ಕಡಲೆಕಾಯಿ ನೀವೇ ಇಟ್ಕೊಳ್ಳಿ! ಕವರು ಕೊಡಿ ಸಾರ್!"

ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಮತ್ತೆ ಸೀಟಿ ಊದಿ ನಿಲ್ಲಿಸಿದ. "ಏನಮ್ಮಾ ಇದು, ಕವರಿಗೆ ಬಸ್ಸು ನಿಲ್ಲಿಸೋದಾ?" ಅಂತ ರೇಗಿದ. ಆ ಯಜಮಾನರು ಏನೊಂದೂ ಕೇಳದೆ ಕಡಲೆಕಾಯಿಯನ್ನು ಜೇಬಿಗೆ ಸುರಿದುಕೊಂಡು, ಒದ್ದೆ ಕವರನ್ನು ಮಡಿಸಿ, ಕಿಟಕಿಯಿಂದ ಎರಡೂ ಕೈಯಲ್ಲಿ ಕೊಟ್ಟರು.

ಮನೆಗೆ ಬಂದಾಗ ಅವ್ವ ಮುದ್ದೆಗೆ ಎಸರಿಟ್ಟಿದ್ದಳು. ಅವಳಿಗೆ ಹೇಳಲೇಬೇಕಾಯಿತು. ಅತ್ತೆ ಹೋಗುವುದಕ್ಕೆ ಅವ್ವನಿಗೂ ಮನಸ್ಸಿಲ್ಲ ಅಂತ ನಾವೆಲ್ಲ ತಿಳಿದಿದ್ದೆವು. ಅವಳು ನಮ್ಮಿಬ್ಬರ ಮುಖ ನೋಡಿದಳು, ಬಾಗಿಲಾಚೆ ಅಪ್ಪ ಇದ್ದಾರಾ ಅಂತ ನೋಡಿದಳು, ಎಸರಿನ ಮುಚ್ಚಳ ತೆಗೆದು, "ಒಂದೊಂದೇ ಕೊಡು, ಉಗೀಲಿ ಹಿಡಿದ್ರೆ ಗೋಂದು ಬಿಡುತ್ತೆ" ಅಂದಳು. ಅವ್ವ ಉಗಿಗೆ ಹಿಡಿಯುವವಳು, ಅತ್ತೆ ಬೆರಳಿನಿಂದ ಬಿಡಿಸುವವಳು, ನಾನು ಪುಟದ ನಂಬರು ನೋಡಿ ಒಂದರ ಮೇಲೊಂದು ಜೋಡಿಸುವವಳು. ಇಂಗ್ಲಿಷಿನ ಅಂಕಿ, ಅಕ್ಷರ ನನ್ನ ಕೈಗೆ ಹತ್ತಿದ್ದು ಆ ಒಲೆಯ ಮುಂದೆ. ಕೆಲವು ಅಂಚು ಹರಿದವು. ಅನುರಾಧಪುರದ ಹಾಳೆ ಮಾತ್ರ ಒಣಗಲೇ ಇಲ್ಲ. ಆ ಯಜಮಾನರ ಕೋಟಿನ ಜೇಬಿನಲ್ಲಿ ಏನಿತ್ತೋ, ತಲೆಗೆ ಹಚ್ಚುವ ಎಣ್ಣೆಯೋ ಏನೋ, ಹಾಳೆ ಪೂರಾ ಜಿಡ್ಡು ಕುಡಿದು, ಹಿಂದಿನ ಅಕ್ಷರ ಮುಂದಕ್ಕೆ, ಮುಂದಿನ ಅಕ್ಷರ ಹಿಂದಕ್ಕೆ ಬಂದು ಕಲಸಿಹೋಗಿತ್ತು.

ಸಂಜೆ ಎಲ್ಲರೂ ನಡುಮನೆಯಲ್ಲಿ ಕೂತರು. ತಟ್ಟೆ ಹಾಕಿತ್ತು, ಬಡಿಸಿರಲಿಲ್ಲ. ಅತ್ತೆ ದಾರ ಕಟ್ಟಿದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಓದಿದಳು. ಇಂಗ್ಲಿಷಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಅದರ ಅರ್ಥ. ಒಂದನೇ ರಾತ್ರಿ ರೈಲಿನ ಹೆಂಗಸರ ಡಬ್ಬಿ. ತಾತ ಒಂದು ಬೆರಳು ಮಡಿಸಿದರು. ಎರಡನೇ ರಾತ್ರಿ ಅನುರಾಧಪುರ. ಅತ್ತೆಯ ದನಿ ನಿಂತಿತು.

"ಯಾಕೆ? ಓದು" ಅಂದರು ಅಪ್ಪ. "ಬಾಯಿ ಮಾತು ಹೇಳಂಗಿಲ್ಲ."

ಸುಳ್ಳು ಓದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅತ್ತೆ ಓದಲಿಲ್ಲ. "ಇದು ಎಣ್ಣೆಯಾಗಿದೆ ಅಪ್ಪಾ. ಅಕ್ಷರ ಬಿಡಿಸೋಕಾಗ್ತಿಲ್ಲ" ಅಂದಳು. ಅಪ್ಪ ಸಾಕು ಎನ್ನುವ ಹಾಗೆ ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡರು. ತಾತ ಕೈ ನೀಡಿ ಆ ಹಾಳೆಯನ್ನು ತೆಗೆದುಕೊಂಡರು. ದೀಪಕ್ಕೆ ಎದುರಾಗಿ ಹಿಡಿದರು. ಎಣ್ಣೆ ಕುಡಿದ ಹಾಳೆ ಬೆಳಗಿತು. ಅಕ್ಷರ ಕಲಸಿಹೋಗಿದ್ದರೂ ನಕ್ಷೆಯ ಗೆರೆ ದಪ್ಪಗಿತ್ತು, ಕಂಡಿತು. ಓದಲು ಬಾರದ ತಾತ ಗೆರೆಯ ಮೇಲೆ ಬೆರಳಿಟ್ಟರು.

"ಇದು ಹಳಿ ಇದ್ದಂಗೈತೆ. ಇದು ಮರ. ಮರದ ಪಕ್ಕ ಇದೇನು?"

"ಅದು ಮನೆ ತಾತ" ಅಂದೆ ನಾನು. "ಎರಡು ಕಿಟಕಿ ಐತೆ. ಆ ಫಾರಿನ್ ಅಕ್ಕ ಅಲ್ಲೇ ಮಲಗಿದ್ದು ಅನ್ಸುತ್ತೆ, ಪೆನ್ಸಿಲಲ್ಲಿ ಗುರುತು ಮಾಡವ್ಳೆ."

"ಈ ಜಿಡ್ಡಲ್ಲಿ ಎರಡು ಕಿಟಕಿ ನಿಂಗೆ ಹೆಂಗೆ ಕಂಡ್ತು?" ಅಂದರು ತಾತ.

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ಬೇಡ ಎಂಬಂತೆ ತಲೆ ಆಡಿಸಿದಳು. ನಾನು ಹೇಳಿಬಿಟ್ಟೆ. ರಟ್ಟಿಲ್ಲದ್ದು ನೋಡಿ ಕಿತ್ತದ್ದು, ಗೋಂದು ಹಚ್ಚುವಾಗ ಮನೆ ನೋಡಿದ್ದು, ಸುಳ್ಳು ಹೇಳಿದ್ದು, ಶೆಟ್ಟರು, ಮುನಿಯಮ್ಮ, ಕೋಟಿನವರು, ಬಸ್ಸು, ಉಗಿ, ಎಲ್ಲ. ಉಸಿರು ತೆಗೆದುಕೊಳ್ಳದೆ ಹೇಳಿ, ಏಟಿಗೆ ಬೆನ್ನು ಕೊಟ್ಟು ಕೂತೆ. ತಾತ ಅತ್ತೆಯ ಕಡೆ ನೋಡಿದರು.

"ಬಸ್ಸು ನಿಲ್ಸಿದ್ಯಾ?"

"ಹೂಂ ಅಪ್ಪಾ."

"ಕವರಿಗೋಸ್ಕರ?"

"ಹೂಂ."

ತಾತ ಹಾಳೆಯನ್ನು ಅಪ್ಪನ ಕೈಗೆ ಕೊಟ್ಟರು. "ನೋಡಪ್ಪ, ಜಯನಗರದಲ್ಲೆಲ್ಲ ಚೆಲ್ಲಿಹೋಗಿದ್ದ ಪುಸ್ತಕನ ಹೊತ್ತು ಮುಳುಗೋದ್ರೊಳಗೆ ಹುಡುಕಿ ಒಟ್ಟು ಮಾಡವ್ಳೆ. ಎರಡು ಕಿಟಕಿ ಇರೋ ಒಂದು ಮನೆ ಹುಡುಕಲ್ವಾ?" ಎರಡನೇ ಬೆರಳು ಮಡಿಸಿದರು. "ಮೂರನೇ ರಾತ್ರಿ ಓದಮ್ಮಿ."

ಹೊರಡುವ ದಿನ ಅತ್ತೆಯ ಟ್ರಂಕನ್ನು ಸ್ಟೇಷನ್ನಿಗೆ ಹೊತ್ತವರು ಅಪ್ಪನೇ. ಎರಡು ವಾರದ ಮೇಲೆ ಅತ್ತೆ ಬಂದಳು, ಕರ್ರಗಾಗಿ, ಕೆಳಗೆ ಬಿದ್ದಿದ್ದ ಒಂದು ಎಲೆಯನ್ನು ಅನುರಾಧಪುರದ ಹಾಳೆಯಲ್ಲೇ ಮಡಿಸಿಕೊಂಡು. ಆ ಮನೆಗೆ ಮೂರು ಕಿಟಕಿ ಇದ್ದವಂತೆ.

ಇವತ್ತು ಸಂಜೆ ಅರೆಕೆರೆಯ ನಮ್ಮ ಮನೆಗೆ ಎಲ್ಲರೂ ಬಂದರು. ಮಗ, ಸೊಸೆ, ಮಗಳು, ಅಳಿಯ, ಮೇಘ. ಎಂಬತ್ತರ ಹತ್ತಿರ ಬಂದಿರುವ ಶಾಂತತ್ತೆಯನ್ನು ಉತ್ತರಹಳ್ಳಿಯಿಂದ ಆಟೋದಲ್ಲಿ ಕರೆತಂದೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಸಿಹಿಗೆ ಅಂತ ಶ್ಯಾವಿಗೆ ಪಾಯಸ. ನಾನು ಬಡಿಸುತ್ತಲೇ ಇದ್ದೆ, ಕೂರಲು ಮನಸ್ಸೇ ಬರಲಿಲ್ಲ. ಮೊದಲ ತುತ್ತು ಎತ್ತುವ ಮುಂಚೆ ಅತ್ತೆ ಕೇಳಿದಳು:

"ಮೊದಲ್ನೇ ರಾತ್ರಿ ಎಲ್ಲಿ ಮಲಗ್ತೀಯ ಮೇಘ?"

ಮೇಘ ಫೋನಿಗೆ ಕೈ ಹಾಕಿದಳು.

"ಫೋನಲ್ಲ. ಬುಕ್ಕು."

ಅವಳು ಎಡಗೈಯಲ್ಲಿ ಪುಟ ಮಗುಚಿ ಓದಿದಳು. ಅತ್ತೆ ಒಂದು ಬೆರಳು ಮಡಿಸಿದಳು. ಎರಡನೇ ರಾತ್ರಿಗೆ ಸಾರು ಬಡಿಸಿದೆ, ಮೂರನೇ ರಾತ್ರಿಗೆ ಇನ್ನೊಂದು ಮುದ್ದೆ. ಒಂಬತ್ತು ರಾತ್ರಿ ಮುಗಿಯುವ ಹೊತ್ತಿಗೆ ಪಾಯಸದ ಪಾತ್ರೆ ತಳ ಕಂಡಿತು. "ಸರಿ, ಹೋಗಿ ಬಾ" ಅಂದಳು ಅತ್ತೆ. ಮೇಘ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಕೈ ತೊಳೆಯಲು ಎದ್ದಾಗ ಅತ್ತೆ ಬಟ್ಟಲನ್ನು ನೆಕ್ಕುತ್ತ ಹೇಳಿದಳು:

"ಅಲ್ಲಿಡಬೇಡ ಮಗಾ, ಮೇಲಿಡು. ನಿಮ್ಮಜ್ಜಿ ಕೈಗೆ ಸಿಗದ ಕಡೆ."